ಬೆಟ್ಟದಲ್ಲಿ ಬಿದ್ದ ಮರದ ತುಂಬ ಬಸವನಹುಳು, ಸಿಂಬಳದ ಹುಳು: ಸುಡಬೇಕಾ, ಬಿಡಬೇಕಾ?

ಕಾನಂಚಿನ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಮನೆಯಲ್ಲಿ ಒಂದು ವಿಷಯ ತೀರ್ಮಾನ ಆಗಬೇಕಿದೆ, ತಿಳಿದವರು ಹೇಳಿ.

ನಮ್ಮದು ಆಗುಂಬೆಗೆ ಹತ್ತಿರದ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬೆಟ್ಟದ ಆಚೆ ಕಾನು, ಅಂದರೆ ದಟ್ಟ ಕಾಡು. ಆರು ವರ್ಷದ ಹಿಂದೆ ಆರಿದ್ರಾ ಮಳೆಯ ಗಾಳಿಗೆ ಬೆಟ್ಟದಂಚಿನ ಹಳೇ ಕಾಡುಮಾವಿನ ಮರ ಬುಡಸಮೇತ ಬಿತ್ತು. ನಮ್ಮತ್ತೆ ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ಅದೇ ಮರದ ಮಿಡಿಯನ್ನು ಉಪ್ಪಿನಕಾಯಿಗೆ ಹಾಕುತ್ತಿದ್ದರು. ಮರ ಬಿದ್ದ ದಿನ ಅವರು ಊಟಕ್ಕೆ ಕೂರಲಿಲ್ಲ. ಕೊಂಬೆಗಳು ಸೌದೆಗೆ ಬಂದವು. ಕಾಂಡ ಇಬ್ಬರು ತಬ್ಬುವಷ್ಟು ದಪ್ಪ. ಇಳಿಜಾರಿನಲ್ಲಿ ಬಿದ್ದಿದ್ದರಿಂದ ಎಳೆದು ತರಲು ಆಗಲಿಲ್ಲ, ಅಲ್ಲೇ ಉಳಿಯಿತು.

ಈಗ ಅದು ಕೊಳೆತು ಲಡ್ಡಾಗಿದೆ. ಕೆಳಭಾಗ ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ. ಮಳೆ ಹಿಡಿದರೆ ಸಾಕು, ಅದರ ಮೈತುಂಬ ಬಸವನಹುಳು, ಸಿಂಬಳದ ಹುಳು. ನಮ್ಮ ಭಾವ ಹೇಳುವುದು ಇಷ್ಟು: "ಹೋದ ವರ್ಷ ನಿನ್ನ ಬೀನ್ಸ್ ಸಸಿ, ಸೌತೆ ಸಸಿ ಎಲ್ಲಾ ಸಿಂಬಳದ ಹುಳು ತಿಂದು ಹಾಕಿತು. ಎಲ್ಲಾ ಆ ಕೊರಡಿನಿಂದಲೇ ಬರುತ್ತಿರೋದು. ಬೇಸಿಗೆಯಲ್ಲಿ ಸೀಳಿ ಸುಟ್ಟುಬಿಡೋಣ." ಸಸಿ ಹೋಗಿದ್ದು ನಿಜ. ಮೂರು ಸಲ ಬೀಜ ಹಾಕಿ ಮೂರು ಸಲವೂ ಎರಡೆಲೆ ಬಂದ ಕೂಡಲೇ ಕಡ್ಡಿ ಮಾತ್ರ ಉಳಿಯಿತು. ಅದಕ್ಕೇ ನಾನೂ ಹೂಂ ಅಂದುಬಿಟ್ಟಿದ್ದೆ.

ಆದರೆ ಕಳೆದ ವಾರ ಮಗಳನ್ನು ಕರೆದುಕೊಂಡು ದರಗು (ಉದುರಿದ ಎಲೆ) ತರಲು ಹೋದಾಗ ಅವಳು ಕೂಗಿದಳು, "ಅಮ್ಮಾ, ಕುಂಕುಮ ಬಣ್ಣದ್ದು!" ದಿಮ್ಮಿಯ ಮೇಲೆ ಒಂದು ಬಸವನಹುಳು ಹೋಗುತ್ತಿತ್ತು. ಚಿಪ್ಪು ಕಂದು ಹಸಿರು, ತೆಳುವಾಗಿ ಹೊಳೆಯುತ್ತಿತ್ತು, ಸಣ್ಣ ನಿಂಬೆಹಣ್ಣಿನಷ್ಟು ದಪ್ಪ. ಮೈ ಮಾತ್ರ ಕೆಂಪು. ದಾಸವಾಳದ ಮೊಗ್ಗು ಹಿಂಡಿದರೆ ಬರುತ್ತದಲ್ಲ, ಆ ಕೆಂಪು. ಮಗಳು ಅರ್ಧ ಗಂಟೆ ಅದರ ಮುಂದೆ ಕೂತಿದ್ದಳು. ಅವಳ ಕಾಲಿಗೆ ಇಂಬಳ (ಜಿಗಣೆ) ಹತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅವತ್ತಿನಿಂದ ನನಗೆ ಆ ಮರ ಸುಡಲು ಮನಸ್ಸಿಲ್ಲ. ಆದರೆ ಭಾವನಿಗೆ ಕಾರಣ ಹೇಳಬೇಕಲ್ವಾ? ಸತ್ತ ಮರದಲ್ಲಿ ಈ ಹುಳುಗಳಿಗೆ ಅಂಥದ್ದೇನು ಸಿಗುತ್ತದೆ? ನನ್ನ ಸಸಿ ತಿಂದಿದ್ದು ಇವೇನಾ?

---

ಮರಗಸಿ (ಕೊಡಗು)

ಅಕ್ಕಾ, ನಿಮ್ಮ ಭಾವ ಹೇಳೋದರಲ್ಲಿ ತಪ್ಪಿಲ್ಲ. ನಾನು ಕಾಫಿ ಬೆಳೆಗಾರ. ಆಫ್ರಿಕಾದ ಶಂಖದ ಹುಳು, ಅದೇ ಆ ದೊಡ್ಡ ಬಸವನಹುಳು, ತೋಟಕ್ಕೆ ಬಂದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಮಳೆಗಾಲ ಬೆಳಿಗ್ಗೆ ಎದ್ದು ನೋಡಿದರೆ ಕಾಫಿ ಗಿಡದ ಬುಡದಿಂದ ತುದಿವರೆಗೆ ಅದೇ. ಕೆಲಸದವರು, ಮನೆಯವರು ಎಲ್ಲರೂ ಸೇರಿ ಗೋಣಿಚೀಲದಲ್ಲಿ ತುಂಬಿದೆವು. ನರ್ಸರಿ ಪೂರ್ತಿ ಹೋಯಿತು. ಆ ವರ್ಷ ಹೊಸ ಗಿಡ ನೆಡಲು ಆಗಲೇ ಇಲ್ಲ. ಮರಗಸಿ ಮಾಡಿದ (ನೆರಳಿನ ಮರದಿಂದ ಸವರಿದ) ಕೊಂಬೆಗಳನ್ನು ತೋಟದ ಮೂಲೆಯಲ್ಲಿ ರಾಶಿ ಹಾಕಿದ್ದೆವು. ರಾಶಿ ಎತ್ತಿದರೆ ಅದರ ಅಡಿಯಲ್ಲೇ ನೂರಾರು ಇದ್ದವು, ಮೊಟ್ಟೆ ಬೇರೆ.

ಅದಕ್ಕೆ ನನ್ನ ಮಾತು: ತೋಟದ ಹತ್ತಿರ ಕೊಳೆಯುವ ಮರ ಬೇಡ. ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ. ಆ ಹುಳುವಿನಲ್ಲಿ ಇಲಿಯ ಶ್ವಾಸಕೋಶದ ಜಂತು ಇರಬಹುದು. ಅದು ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಊತ ಬರಬಹುದು. ಮಗಳಿಗೂ ಹೇಳಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಲಿ.

---

ದರಗೆಲೆ (ಕೊಪ್ಪ)

ಅಮ್ಮಾ, ಸುಡಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಕೊಪ್ಪ, ಶೃಂಗೇರಿ ಕಡೆಯ ಕಾಡಿನಲ್ಲಿ ಬಿದ್ದ ಮರಗಳನ್ನು ನೋಡುತ್ತಾ ಮೂವತ್ತು ಮಳೆಗಾಲ ಕಳೆದಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೊಗಟೆ ಎತ್ತಿ ತೋರಿಸುತ್ತಿದ್ದೆ, ನೋಡಿ ಆದ ಮೇಲೆ ಇದ್ದ ಹಾಗೇ ಮುಚ್ಚಿಸುತ್ತಿದ್ದೆ.

ನಿಮ್ಮ ಮಗಳು ನೋಡಿದ್ದು ಇಂಡ್ರೆಲ್ಲಾ ಆಂಪುಲ್ಲಾ. ಮೈ ಕೆಂಪು ಇರಬಹುದು, ಕಿತ್ತಳೆ ಇರಬಹುದು, ಹಳದಿಯೂ ಇರಬಹುದು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಇಂಡ್ರೆಲ್ಲಾ ಅನ್ನುವ ಕುಲದಲ್ಲಿ ಇದೊಂದೇ ಜಾತಿ, ಅಣ್ಣ ತಮ್ಮ ಯಾರೂ ಇಲ್ಲ. ಘಟ್ಟದಲ್ಲಿ ನೆಲದ ಮೇಲೆ ಬದುಕುವ ಬಸವನಹುಳುಗಳು ಸುಮಾರು 270 ಜಾತಿ ಇವೆ. ಅದರಲ್ಲಿ ಮುಕ್ಕಾಲು ಪಾಲು ಇಲ್ಲಿ ಮಾತ್ರ ಇರುವಂಥವು. ಉಡುಪಿಯ ಎನ್. ಎ. ಮಧ್ಯಸ್ಥ, ಬೆಂಗಳೂರಿನ ಎನ್. ಎ. ಅರವಿಂದ್ ಅಂಥವರು ವರ್ಷಗಟ್ಟಲೆ ಕಾಡು ಸುತ್ತಿ ಈ ಲೆಕ್ಕ ಮಾಡಿದ್ದಾರೆ. ಹುಲಿ, ಸಿಂಗಳೀಕ ಅಂದರೆ ಎಲ್ಲರಿಗೂ ಗೊತ್ತು. ಇವುಗಳ ಹೆಸರು ಹೇಳುವವರು ಕಡಿಮೆ. ನನಗೆ ಅದೇ ಬೇಸರ.

ಈಗ ದಿಮ್ಮಿಯಲ್ಲಿ ಏನು ಸಿಗುತ್ತದೆ ಅಂದಿರಲ್ಲ.

ಮೊದಲನೆಯದು ನೀರು. ಸಿಂಬಳದ ಹುಳುವಿಗೆ ಚಿಪ್ಪಿಲ್ಲ, ಮೈಯ ತೇವ ಸದಾ ಆರುತ್ತಲೇ ಇರುತ್ತದೆ. ಬಸವನಹುಳುವಿಗೆ ಚಿಪ್ಪು ಇದ್ದರೂ ಬಿಸಿಲಿಗೆ ತಡೆಯುವುದಿಲ್ಲ. ಶಿವರಾತ್ರಿ ಹೊತ್ತಿಗೆ ನಿಮ್ಮ ಬೆಟ್ಟದಲ್ಲಿ ದರಗಿನ ಮೇಲೆ ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ ಅಲ್ವಾ? ಅದೇ ದಿನ ಆ ದಿಮ್ಮಿಯ ಅಡಿಭಾಗಕ್ಕೆ ಕೈ ಹಾಕಿ ಒಂದು ಹಿಡಿ ಲಡ್ಡು ತೆಗೆದು ಹಿಂಡಿ ನೋಡಿ. ನನ್ನ ವಿದ್ಯಾರ್ಥಿಗಳು ಹಿಂಡಿದಾಗ ಬೆರಳ ಸಂದಿಯಿಂದ ನೀರು ಮೊಣಕೈವರೆಗೆ ಇಳಿದಿತ್ತು. ಅಣಬೆ ತಿಂದು ತಿಂದು ಮರ ಸ್ಪಂಜಿನ ಹಾಗಾಗಿರುತ್ತದೆ. ಚೆನ್ನಾಗಿ ಲಡ್ಡಾದ ಮರ ತನ್ನ ಒಣತೂಕಕ್ಕಿಂತ ಜಾಸ್ತಿ ನೀರು ಹಿಡಿಯಬಲ್ಲದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬರುತ್ತದೆ ನಿಜ. ಆದರೆ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಉಳಿದ ತಿಂಗಳು ಹುಳು ಎಲ್ಲಿರಬೇಕು? ದಿಮ್ಮಿಯ ಹೊಟ್ಟೆಯಲ್ಲಿ. ಕೆಲವು ಜಾತಿ ಚಿಪ್ಪಿನ ಬಾಯಿಗೆ ಸಿಂಬಳದ ತೆಳು ಪರದೆ ಕಟ್ಟಿಕೊಂಡು ಮಲಗುತ್ತವೆ. ಕೆಲವಕ್ಕೆ ಹುಟ್ಟಿನಿಂದಲೇ ಗಟ್ಟಿ ಮುಚ್ಚಳ ಇರುತ್ತದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗೆ. ನಮ್ಮ ಕಾಡಿನ ಸೈಕ್ಲೋಫೋರಸ್ ಆ ಥರದ್ದು.

ಎರಡನೆಯದು ಊಟ. ರಾತ್ರಿ ಒಂಬತ್ತರ ಮೇಲೆ ಬ್ಯಾಟರಿ ಹಿಡಿದು ಹೋಗಿ, ದಿಮ್ಮಿಯ ಮೇಲಿನ ಹಸಿರು ಪಾಚಿಯನ್ನು ಹತ್ತಿರದಿಂದ ನೋಡಿ. ಅಂಕುಡೊಂಕಾದ ತೆಳ್ಳಗಿನ ಪಟ್ಟೆ ಕಾಣುತ್ತದೆ. ಎಡಕ್ಕೊಂದು ಗೀಟು, ಬಲಕ್ಕೊಂದು ಗೀಟು, ಸಣ್ಣ ಮಗು ಸ್ಲೇಟಿನ ಮೇಲೆ ಗೀಚಿದ ಹಾಗೆ. ಅದು ಬಸವನಹುಳು ಉಂಡ ಗುರುತು. ಅದರ ನಾಲಿಗೆಯಲ್ಲಿ ಸಾವಿರಾರು ಸಣ್ಣ ಹಲ್ಲು ಸಾಲಾಗಿ ಇರುತ್ತವೆ, ಅರದ ಹಾಗೆ ಕೆರೆಯುತ್ತದೆ. ನಾನು ಒಮ್ಮೆ ತರಗತಿಯಲ್ಲಿ ಪಾಚಿ ಹಿಡಿದ ಗಾಜಿನ ಮೇಲೆ ಒಂದನ್ನು ಬಿಟ್ಟು, ಗಾಜಿನ ಕೆಳಗಿನಿಂದ ನೋಡಲು ಹೇಳಿದ್ದೆ. ಬಾಯಿ ತೆರೆಯುತ್ತದೆ, ನಾಲಿಗೆ ಮುಂದೆ ಬರುತ್ತದೆ, ಒಂದು ಗೀಟು ಪಾಚಿ ಮಾಯ, ಮತ್ತೆ ಮುಚ್ಚುತ್ತದೆ. ನಲವತ್ತು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಸತ್ತ ಮರದ ಮೇಲೆ ಪಾಚಿ, ಕಲ್ಲುಹೂವು, ಅಣಬೆ, ತೊಗಟೆಯಡಿಯ ಬೂಷ್ಟು ಎಲ್ಲವೂ ಇರುತ್ತವೆ. ಕಾಡಿನ ಸಿಂಬಳದ ಹುಳುಗಳಲ್ಲಿ ಅಣಬೆ ಅಂದರೆ ಪ್ರಾಣ ಬಿಡುವಂಥವು ಬಹಳ. ಅವು ತಿಂದ ಅಣಬೆಯ ಬೀಜಕಣ ಹಿಕ್ಕೆಯಲ್ಲಿ ಹೊರಗೆ ಬಂದು ಬೇರೆ ಕಡೆ ಮೊಳೆಯುತ್ತದೆ. ಅಂದರೆ ಮರವನ್ನು ಮಣ್ಣು ಮಾಡುವ ಕೆಲಸದಲ್ಲಿ ಅವುಗಳದೂ ಕೈಯಿದೆ.

ಮೂರನೆಯದು ಸುಣ್ಣ. ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ ಇದು, ಸ್ವಲ್ಪ ಉದ್ದ ಬರೆಯುತ್ತೇನೆ. ನೀವು ತೋಟಕ್ಕೆ ಯಾಕೆ ಸುಣ್ಣ ಹಾಕುತ್ತೀರಿ? ನಮ್ಮ ಮಣ್ಣು ಹುಳಿ. ಸಾವಿರಾರು ವರ್ಷದ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ಬರೀ ಜಂಬಿಟ್ಟಿಗೆ ಮಣ್ಣು ಉಳಿದಿದೆ. ಬಸವನಹುಳುವಿನ ಚಿಪ್ಪು ಅಂದರೆ ಸುಣ್ಣವೇ. ಮೊಟ್ಟೆಗೂ ಸುಣ್ಣ ಬೇಕು. ಇಲ್ಲದ ನೆಲದಲ್ಲಿ ಅದನ್ನು ಎಲ್ಲಿಂದ ತರಬೇಕು? ಮರ ತನ್ನ ಜೀವಮಾನವೆಲ್ಲ ಆಳದ ಬೇರಿನಿಂದ ಸ್ವಲ್ಪ ಸ್ವಲ್ಪವಾಗಿ ಎಳೆದು ತೊಗಟೆಯಲ್ಲಿ, ಕಾಂಡದಲ್ಲಿ ಇಟ್ಟುಕೊಂಡಿರುತ್ತದೆ. ಮರ ಬಿದ್ದ ಮೇಲೆ ಅಣಬೆಯ ನೂಲುಗಳು ಅದನ್ನು ಬಾಚಿ, ಆಕ್ಸಲೇಟ್ ಅನ್ನುವ ಹರಳಾಗಿ ಕೂಡಿಡುತ್ತವೆ. ಹುಳು ಅಣಬೆ ತಿಂದಾಗ ಆ ಸುಣ್ಣವೂ ಹೊಟ್ಟೆಗೆ ಹೋಗುತ್ತದೆ. ಹಾಗಾಗಿಯೇ ಹುಳಿಮಣ್ಣಿನ ಕಾಡಿನಲ್ಲಿ ಬಿದ್ದ ಮರದ ಸುತ್ತ ಹುಳುಗಳು ಹೆಚ್ಚು ಸೇರುತ್ತವೆ. ಸುಣ್ಣದ ಹಸಿವು ಎಷ್ಟಿರುತ್ತದೆ ಅಂದರೆ, ಸತ್ತ ಬಸವನಹುಳುವಿನ ಖಾಲಿ ಚಿಪ್ಪನ್ನು ಬೇರೆ ಬಸವನಹುಳು ಕೂತು ಕೆರೆಯುತ್ತದೆ. ದಿಮ್ಮಿಯ ಹತ್ತಿರ ಬಿದ್ದ ಹಳೇ ಚಿಪ್ಪು ಎತ್ತಿ ನೋಡಿ, ಮೇಲಿನ ಬಣ್ಣದ ಪದರ ಅಲ್ಲಲ್ಲಿ ಕೆರೆದು ಬೆಳ್ಳಗಾಗಿರುತ್ತದೆ.

ಇನ್ನು ಮೊಟ್ಟೆ. ಲಡ್ಡಾದ ಭಾಗದಲ್ಲಿ, ತೊಗಟೆ ಸಡಿಲವಾದ ಕಡೆ, ಸಾಬಕ್ಕಿಯ ಹಾಗೆ ಬಿಳಿ ಗುಂಪು ಕಂಡರೆ ಕೈ ಹಾಕಬೇಡಿ. ಅದೇ ಮೊಟ್ಟೆ. ಬಿಸಿಲು ಬಡಿದರೆ ಒಣಗಿ ಹೋಗುತ್ತದೆ. ಅಲ್ಲೇ ಪಕ್ಕದಲ್ಲಿ ಚಪ್ಪಟೆ, ಕಪ್ಪು, ಹಂಚು ಜೋಡಿಸಿದಂಥ ಬೆನ್ನಿನ ಒಂದು ಹುಳು ಕಾಣಬಹುದು. ಅದು ಮಿಂಚುಹುಳದ ಮರಿ. ಬಸವನಹುಳುವನ್ನು ಕಚ್ಚಿ, ವಿಷ ಬಿಟ್ಟು, ಮಾಂಸವನ್ನು ನೀರು ಮಾಡಿ ಹೀರುತ್ತದೆ. ಮಳೆ ಶುರುವಾಗುವ ಮುಂಚೆ ನಿಮ್ಮ ಅಂಗಳದ ಎದುರು ಮರವೆಲ್ಲ ಮಿಣಮಿಣ ಅನ್ನುತ್ತದಲ್ಲ, ಅವು ತಿಂಗಳುಗಟ್ಟಲೆ ನೆಲದಲ್ಲಿ ಬಸವನಹುಳು ತಿಂದೇ ಬೆಳೆದಿರುತ್ತವೆ. ಬೆಳಗಿನ ಜಾವ ಹೊಳೆ ಹತ್ತಿರ ಹುಡುಗ ಶಿಳ್ಳೆ ಹೊಡೆದ ಹಾಗೆ ಹಾಡುವ ನೀಲಿಗಪ್ಪು ಹಕ್ಕಿಗೂ ಇವು ಊಟ. ಕೆಂಬೂತಕ್ಕಂತೂ ಬಹಳ ಇಷ್ಟ.

ನಿಮ್ಮ ಸಸಿ ತಿಂದಿದ್ದು ಯಾರು ಅಂತ ನಾನು ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಒಂದು ಕೆಲಸ ಮಾಡಿ. ಒಂದು ವಾರ, ರಾತ್ರಿ ಒಂಬತ್ತಕ್ಕೆ, ಮೊದಲು ತರಕಾರಿ ಪಾತಿ ನೋಡಿ, ಆಮೇಲೆ ದಿಮ್ಮಿ ನೋಡಿ. ಎರಡು ಕಡೆ ಇರುವುದು ಒಂದೇ ಹುಳುವಾ, ಬೇರೆಯಾ ಅಂತ ಬರೆದಿಡಿ. ಮಗಳ ಕೈಯಲ್ಲಿ ಬರೆಸಿ.

ಮರಗಸಿಯವರೇ, ನಿಮಗಾದ ನಷ್ಟ ಸಣ್ಣದಲ್ಲ. ಅದು ಅರ್ಥವಾಗುತ್ತದೆ. ಆದರೆ ಆಫ್ರಿಕಾದ ಶಂಖದ ಹುಳು ನಮ್ಮ ಕಾಡು ಹೆತ್ತಿದ್ದಲ್ಲ. 1847ರಲ್ಲಿ ಬೆನ್ಸನ್ ಅನ್ನುವವರು ಮಾರಿಷಸ್‌ನಿಂದ ಕೋಲ್ಕತ್ತಾಗೆ ತಂದಿದ್ದು, ಅಲ್ಲಿ ಚೌರಂಗಿಯ ಒಂದು ತೋಟಕ್ಕೆ ಬಿಟ್ಟರು. ಮೂರು ವರ್ಷ ಬಿಟ್ಟು, 1850ರಲ್ಲಿ, ನಮ್ಮ ಈ ಕೆಂಪು ಹುಳುವಿಗೆ ವಿಜ್ಞಾನದ ಹೆಸರು ಕೊಟ್ಟವರೂ ಅದೇ ಬೆನ್ಸನ್. ಒಂದೇ ಕೈಯಿಂದ ಎರಡೂ ಆಗಿದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

---

ಕಾನಂಚಿನ ಮನೆ

ಮೇಷ್ಟ್ರೇ, ನಿಮ್ಮ ಉತ್ತರವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅತ್ತೆ ಎರಡು ಸಲ ಓದಿಸಿಕೊಂಡರು. ಸುಣ್ಣದ ವಿಷಯಕ್ಕೆ ಅವರು ಹೇಳಿದ್ದು: "ನಾನು ಕಾಳು ಹಾಕುವಾಗ ಕೋಳಿಗೆ ಮೊಟ್ಟೆಚಿಪ್ಪು ಪುಡಿ ಮಾಡಿ ಹಾಕ್ತಿರಲಿಲ್ವಾ, ಇದೂ ಹಾಗೇ."

ಮೂರು ರಾತ್ರಿ ನೋಡಿದೆವು. ಪಾತಿಯಲ್ಲಿ ಸಿಕ್ಕಿದ್ದು ಎಲ್ಲವೂ ಒಂದೇ ಥರ. ಚಿಪ್ಪಿಲ್ಲ, ಚಪ್ಪಟೆ, ಕಪ್ಪು, ಮುಟ್ಟಿದರೆ ಚಕ್ಕಳದ ಹಾಗೆ (ಕಡ್ಡಿಯಲ್ಲೇ ಮುಟ್ಟಿದ್ದು), ಬೆನ್ನಿನ ನಡುವೆ ಉದ್ದಕ್ಕೂ ತಿಳಿ ಬಣ್ಣದ ಒಂದು ಗೆರೆ. ಮೊದಲ ರಾತ್ರಿ 11, ಎರಡನೇ ರಾತ್ರಿ 14, ಮೂರನೇ ರಾತ್ರಿ ಮಳೆ ಜೋರಿದ್ದರಿಂದ 9. ದಿಮ್ಮಿಯ ಮೇಲೆ ಇದು ಒಂದೂ ಇಲ್ಲ. ಅಲ್ಲಿ ಇದ್ದದ್ದು ಬೇರೆ: ಕೆಂಪಿನದು ಎರಡು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚೂಪು ಚಿಪ್ಪಿನವು ಬಹಳ, ಮತ್ತೆ ಬೆನ್ನಿನ ಮೇಲೆ ಸಣ್ಣ ಚಿಪ್ಪಿನ ತುಂಡು ಅಂಟಿಸಿಕೊಂಡಂತೆ ಕಾಣುವ ಉದ್ದನೆಯ ಸಿಂಬಳದ ಹುಳು ನಾಲ್ಕು.

ಪಾತಿಯಲ್ಲಿ ಇರುವುದು ಯಾವುದು?

---

ದರಗೆಲೆ

ನಡುಬೆನ್ನಿನಲ್ಲಿ ಗೆರೆ ಇರುವ ಕಪ್ಪು ಚಪ್ಪಟೆ ಹುಳು ಲೇವಿಕಾಲಿಸ್ ಆಲ್ಟೆ ಇರಬೇಕು. ಅದೂ ಆಫ್ರಿಕಾದಿಂದ ಬಂದಿದ್ದು. ಮನೆ, ಹೂಕುಂಡ, ಗೊಬ್ಬರಗುಂಡಿ, ಕಲ್ಲಿನ ಸಂದಿ, ಇವೇ ಅದರ ಠಾವು. ನರ್ಸರಿ ಗಿಡದ ಮಣ್ಣಿನ ಜೊತೆ ಬರುತ್ತದೆ. ಹೊರಗಿನಿಂದ ಹೂಗಿಡ ತಂದಿದ್ದೀರಾ, ನೆನಪು ಮಾಡಿಕೊಳ್ಳಿ. ದಿಮ್ಮಿಯ ಮೇಲಿನ ಚೂಪು ಚಿಪ್ಪಿನವು ಗ್ಲೆಸ್ಸುಲಾ ಕುಲದವು ಅನ್ನಿಸುತ್ತದೆ. ಸಣ್ಣ ಚಿಪ್ಪು ಹೊತ್ತ ಉದ್ದದ್ದು ಅರೆ ಸಿಂಬಳದ ಹುಳು, ಮಾರಿಯೆಲ್ಲಾ ಇರಬಹುದು. ಮಾರಿಯೆಲ್ಲಾ ಕೆಲವು ಕಡೆ ತೋಟದ ಬೆಳೆಗೂ ಬರುತ್ತದೆ. ಅದನ್ನು ಮಾತ್ರ ಗಮನಿಸುತ್ತಿರಿ. ಪಾತಿಗೆ ಬಂದರೆ ಆಗ ಯೋಚಿಸೋಣ.

ಪಾತಿಯ ಹುಳುವಿಗೆ ಔಷಧಿ ಅಂಗಡಿಯ ಮೆಟಾಲ್ಡಿಹೈಡ್ ಕಾಳು ಬೇಡ. ಅದು ಒಳ್ಳೆಯ ಹುಳು, ಕೆಟ್ಟ ಹುಳು ಅಂತ ನೋಡುವುದಿಲ್ಲ, ನಾಯಿ ತಿಂದರೆ ನಾಯಿಯೂ ಹೋಗುತ್ತದೆ. ಉಪ್ಪನ್ನೂ ಮಣ್ಣಿಗೆ ಹಾಕಬೇಡಿ. ಸಂಜೆ ಪಾತಿಯ ನಡುವೆ ಅಡಿಕೆ ಹಾಳೆಗಳನ್ನು ನೆನೆಸಿ ಬೋರಲು ಹಾಕಿ. ಒಳಗೆ ಒಂದು ಚೂರು ಪಪ್ಪಾಯ ಸಿಪ್ಪೆ ಇಡಿ. ಬೆಳಿಗ್ಗೆ ಆರಕ್ಕೆ ಹಾಳೆ ಮಗುಚಿದರೆ ಎಲ್ಲ ಅಲ್ಲೇ ಇರುತ್ತವೆ. ಕೈಗೆ ಕವರು ಹಾಕಿಕೊಂಡು ಆರಿಸಿ ಉಪ್ಪುನೀರಿನ ಡಬ್ಬಕ್ಕೆ ಹಾಕಿ.

ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದು ಉಳಿದ ದ್ರಾವಣವನ್ನು ಬೆಟ್ಟದ ಕಡೆ ಚೆಲ್ಲಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಬಸವನಹುಳುಗಳಿಗೆ ವಿಷ. ಡ್ರಮ್ಮು ತೊಳೆದ ನೀರೂ ಅಷ್ಟೇ.

---

ಕಾಡುದಾರಿ (ಮ್ಯೂನಿಕ್)

ನಾನು ಸಾಗರದವನು, ಕೆಲಸಕ್ಕೆ ಬಂದು ಜರ್ಮನಿಯಲ್ಲಿ ಇದ್ದೇನೆ. ಈ ಚರ್ಚೆ ಓದಿ ಬರೆಯದೆ ಇರಲು ಆಗಲಿಲ್ಲ. ಇಲ್ಲಿಂದ ಈಶಾನ್ಯಕ್ಕೆ, ಜೆಕ್ ಗಡಿಯಲ್ಲಿ, ಬವೇರಿಯನ್ ಫಾರೆಸ್ಟ್ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. 1970ರಲ್ಲಿ ಆಗಿದ್ದು, ಈ ದೇಶದ ಮೊದಲನೆಯದು. 1983ರಲ್ಲಿ ದೊಡ್ಡ ಬಿರುಗಾಳಿಗೆ ಅಲ್ಲಿ ರಾಶಿ ರಾಶಿ ಮರ ಬಿತ್ತು. ಸಾಗಿಸಬೇಕು ಅಂತ ಒತ್ತಾಯ ಇತ್ತು. ಉದ್ಯಾನದ ಒಳಭಾಗದಲ್ಲಿ ಬಿದ್ದಿದ್ದನ್ನು ಮುಟ್ಟದೆ ಬಿಡುವುದು ಅಂತ ಆಗ ತೀರ್ಮಾನವಾಯಿತು. ಸುತ್ತಲಿನ ಜನಕ್ಕೆ ಬಹಳ ಸಿಟ್ಟು ಬಂತು, ಒಳ್ಳೆಯ ಮರ ಕೊಳೆಯಲು ಬಿಡುತ್ತಾರಲ್ಲ ಅಂತ. ನಾನು ಹೋದಾಗ ಆ ದಿಮ್ಮಿಗಳ ಬೆನ್ನ ಮೇಲೇ ಸಾಲಾಗಿ ಎಳೆಯ ಸ್ಪ್ರೂಸ್ ಸಸಿಗಳು ಎದ್ದಿದ್ದವು.

ಅಲ್ಲಿ ಮಳೆ ನಿಂತ ಒಂದು ಬೆಳಿಗ್ಗೆ ನನ್ನ ಮೊಣಕೈಯಿಂದ ಅಂಗೈವರೆಗೆ ಬರುವಷ್ಟು ಉದ್ದದ ಬೂದುಗಪ್ಪು ಸಿಂಬಳದ ಹುಳು ಒಂದು ದಿಮ್ಮಿಯ ಮೇಲೆ ಅಣಬೆ ತಿನ್ನುತ್ತಿತ್ತು. ಲೈಮ್ಯಾಕ್ಸ್ ಸಿನೆರಿಯೋನೈಗರ್ ಅಂತ ಹೆಸರು. ಅಣಬೆ, ಪಾಚಿ, ಕಲ್ಲುಹೂವು ಬಿಟ್ಟು ತರಕಾರಿ ತೋಟದ ತಂಟೆಗೆ ಅದು ಬರುವುದಿಲ್ಲ. ಇಲ್ಲಿನವರ ಸೊಪ್ಪಿನ ಪಾತಿ ಬೋಳಿಸುವುದು ಏರಿಯಾನ್ ಅನ್ನುವ ಬೇರೆ ಕಂದು ಹುಳು. ನಿಮ್ಮ ಪಾತಿಯ ಲೆಕ್ಕ ಓದಿದಾಗ ಇದೇ ನೆನಪಾಯಿತು.

ಮೇಷ್ಟ್ರು ಸುಣ್ಣದ ಬಗ್ಗೆ ಬರೆದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿನ ಹುಳಿಮಣ್ಣಿನ, ಬೀಚ್ ಅನ್ನುವ ಮರದ ಕಾಡುಗಳಲ್ಲಿ ಲೆಕ್ಕ ಹಾಕಿದವರು, ದಿಮ್ಮಿಯ ಪಕ್ಕದಲ್ಲಿ ಸಂಖ್ಯೆಯೂ ಜಾತಿಯೂ ಹೆಚ್ಚು, ನಾಲ್ಕು ಹೆಜ್ಜೆ ಆಚೆ ಹೋದರೆ ಕಡಿಮೆ ಅಂತ ತೋರಿಸಿದ್ದಾರೆ. ನೆದರ್‌ಲ್ಯಾಂಡ್ಸ್‌ನದು ಇನ್ನೂ ಮನಸ್ಸಿಗೆ ತಟ್ಟುತ್ತದೆ. ಅಲ್ಲಿ ಆಸಿಡ್ ಮಳೆಗೆ ಕಾಡಿನ ಮಣ್ಣು ಇನ್ನಷ್ಟು ಹುಳಿಯಾಗಿ ಬಸವನಹುಳುಗಳು ಕಡಿಮೆಯಾದವು. ಆಮೇಲೆ ಗ್ರೇಟ್ ಟಿಟ್ ಅನ್ನುವ ಸಣ್ಣ ಹಕ್ಕಿಗಳ ಮೊಟ್ಟೆಚಿಪ್ಪು ತೆಳುವಾಯಿತು, ಗೂಡಿನಲ್ಲೇ ಒಡೆದವು. ಹಕ್ಕಿಗೆ ಸುಣ್ಣ ಸಿಗುತ್ತಿದ್ದದ್ದೇ ಬಸವನಹುಳುವಿನ ಚಿಪ್ಪಿನಿಂದ. 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವಿಷಯ ಇದು. ನಿಮ್ಮ ಅತ್ತೆ ಕೋಳಿಗೆ ಮೊಟ್ಟೆಚಿಪ್ಪಿನ ಪುಡಿ ಹಾಕುತ್ತಿದ್ದರು ಅಂದಿರಲ್ಲ, ಅಲ್ಲಿನ ಸಂಶೋಧಕರೂ ಹಕ್ಕಿಗಳಿಗೆ ಚಿಪ್ಪಿನ ಚೂರು ಇಟ್ಟು ನೋಡಿದರು. ಮೊಟ್ಟೆ ಗಟ್ಟಿಯಾಯಿತು.

---

ಮರಗಸಿ

ಎಲ್ಲಾ ಓದಿದೆ. ಮೇಷ್ಟ್ರೇ, ನಾನು ಸಿಟ್ಟಿನಲ್ಲಿ ಎಲ್ಲವನ್ನೂ ಒಂದೇ ಮಾಡಿ ಹೇಳಿದೆ ಅನ್ನಿಸುತ್ತದೆ. ನಮ್ಮಲ್ಲಿ ರಾಶಿ ಇದ್ದದ್ದು ಹಸಿ ಕೊಂಬೆ, ತೋಟದ ಒಳಗೆ, ಗೊಬ್ಬರಗುಂಡಿಯ ಪಕ್ಕ. ಅಕ್ಕನ ಮನೆಯದು ಬೆಟ್ಟದ ಅಂಚಿನ ಹಳೇ ದಿಮ್ಮಿ. ವ್ಯತ್ಯಾಸ ಇದೆ.

ಆದರೂ ಒಂದು ಕೇಳಲೇಬೇಕು. ಶಂಖದ ಹುಳು ಆ ಕಡೆಗೂ ಬಂದರೆ ದಿಮ್ಮಿಯನ್ನೇ ಹಿಡಿದು ಕೂರುವುದಿಲ್ವಾ? ಅದು ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಬಂದಾಗ ಮೊದಲ ಹತ್ತು ಹುಳುವನ್ನು ನಾವು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅದೇ ನಾವು ಮಾಡಿದ ತಪ್ಪು.

---

ದರಗೆಲೆ

ಕೂರುತ್ತದೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ತೇವ ಇರುವ ಜಾಗ ಯಾರಿಗಾದರೂ ಬೇಕು. ಅದಕ್ಕೇ ಅಮ್ಮನವರು ಆ ದಿಮ್ಮಿಯನ್ನು ಪ್ರತಿ ಮಳೆಗಾಲ ನಾಲ್ಕಾರು ರಾತ್ರಿ ನೋಡುತ್ತಿರಬೇಕು. ಗುರುತು ಸುಲಭ. ಶಂಖದ ಹುಳುವಿನ ಚಿಪ್ಪು ಉದ್ದ, ತುದಿ ಚೂಪು, ಕಂದು ಬಣ್ಣದ ಮೇಲೆ ಉದ್ದುದ್ದ ಪಟ್ಟೆ, ಬೆಳೆದರೆ ಅಂಗೈ ಉದ್ದ ಬರುತ್ತದೆ. ಮೈ ಬೂದುಗಂದು. ಕೆಂಪಿನದರ ಚಿಪ್ಪು ದುಂಡಗೆ, ಹಗುರ. ಒಂದು ಶಂಖದ ಹುಳು ಕಂಡರೂ ಅವತ್ತೇ ತೆಗೆಯಿರಿ, ಮೊಟ್ಟೆ ಹುಡುಕಿ. ಮರಗಸಿಯವರ ಆ ಮೊದಲ ಹತ್ತರ ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವಂತಿದೆ.

ತೋಟದ ಒಳಗೆ, ತರಕಾರಿ ಪಾತಿ ಪಕ್ಕ ಸೌದೆ ರಾಶಿ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಬೆಟ್ಟದಲ್ಲಿ ಮಾತ್ರ ಬಿದ್ದಿದ್ದು ಬಿದ್ದ ಕಡೆ ಇರಲಿ. ಈ ದಿಮ್ಮಿಯನ್ನು ಸುಟ್ಟು, ಬೇಕಾದರೆ ಮುಂದೆ ಬೇರೆ ದಿಮ್ಮಿ ಇಡೋಣ ಅಂದರೆ ಆಗುವುದಿಲ್ಲ. ಮಾವು ಬೇಗ ಲಡ್ಡಾಗುವ ಮರ, ಅಂಥದ್ದೂ ಇಷ್ಟಾಗಲು ಆರು ವರ್ಷ ಹಿಡಿದಿದೆ. ಮತ್ತಿಯೋ ಸಾಗುವಾನಿಯೋ ಆಗಿದ್ದರೆ ಇನ್ನೂ ಎಷ್ಟೋ ವರ್ಷ ಗಟ್ಟಿಯಾಗೇ ಇರುತ್ತಿತ್ತು. ಅಲ್ಲಿಯವರೆಗೆ ಈ ಹುಳುಗಳು ಎಲ್ಲಿಗೆ ಹೋಗಬೇಕು? ನಡೆದು ಬೇರೆ ಕಾಡಿಗೆ ಹೋಗುವ ಕಾಲು ಅವಕ್ಕಿಲ್ಲ.

---

ಕಾನಂಚಿನ ಮನೆ

ಬಹಳ ದಿನ ಆಯಿತು, ಏನಾಯಿತು ಅಂತ ಹೇಳದೆ ಇದ್ದರೆ ಸರಿಯಲ್ಲ.

ಮೇಷ್ಟ್ರೇ, ಹೊರಗಿನ ಗಿಡ ಕೇಳಿದಿರಲ್ಲ. ಹೌದು. ಎರಡು ವರ್ಷದ ಹಿಂದೆ ಒಂದು ನರ್ಸರಿಯಿಂದ ಆಂಥೂರಿಯಂ ಎಂಟು ಕುಂಡ ತಂದಿದ್ದೆ. ಕುಂಡ ಎತ್ತಿ ಅಡಿಭಾಗ ನೋಡಿದೆ. ಐದರ ತೂತಿನಲ್ಲಿ ಆ ಕಪ್ಪು ಹುಳು ಸುರುಳಿ ಸುತ್ತಿಕೊಂಡಿತ್ತು. ತಂದಿದ್ದು ನಾನೇ. ಆಪಾದನೆ ಆ ಮರದ ಮೇಲೆ.

ಹಾಳೆ ಇಟ್ಟು 18 ದಿನ ಬೆಳಿಗ್ಗೆ ಆರಿಸಿದೆವು. ಮಗಳ ಪುಸ್ತಕದಲ್ಲಿ ಒಟ್ಟು 163 ಅಂತ ಇದೆ. ಕೊನೆಯ ನಾಲ್ಕು ದಿನ ದಿನಕ್ಕೆ ಎರಡು ಮೂರು ಅಷ್ಟೇ. ನಾಲ್ಕನೇ ಸಲ ಹಾಕಿದ ಬೀನ್ಸ್ ಈಗ ಬಳ್ಳಿ ಹಬ್ಬಿಸಲು ಕೋಲು ಕೇಳುತ್ತಿದೆ.

ಭಾವನನ್ನು ಒಂದು ರಾತ್ರಿ ದಿಮ್ಮಿ ಹತ್ತಿರ ಕರೆದುಕೊಂಡು ಹೋದೆ. ಮೊದಲು ಬರಲು ಒಪ್ಪಲಿಲ್ಲ, ಮಗಳು ಕೈ ಹಿಡಿದು ಎಳೆದ ಮೇಲೆ ಬಂದರು. ಕೆಂಪಿನದು ಆವತ್ತು ಮೂರು ಇತ್ತು. ಒಂದು, ಬಿಳಿ ಅಣಬೆಯ ಕೊಡೆಯ ಅಂಚಿನಲ್ಲಿ ಕೂತು ತಿನ್ನುತ್ತಿತ್ತು. ಬ್ಯಾಟರಿ ಬೆಳಕಿನಲ್ಲಿ ಅದರ ಚಿಪ್ಪಿನೊಳಗೆ ಏನೋ ಬಡಿದುಕೊಳ್ಳುವುದು ಕಂಡಿತು, ಅಷ್ಟು ತೆಳು ಚಿಪ್ಪು. "ಇದು ಎದೆ ಹೊಡ್ಕೊಳ್ಳೋದಾ?" ಅಂತ ಭಾವ ಕೇಳಿದರು. ಮೇಷ್ಟ್ರೇ, ಅದು ಹೃದಯವೇನಾ? ಭಾವ ಮಾತಾಡದೆ ಬಹಳ ಹೊತ್ತು ನೋಡಿದರು. ಬರುವಾಗ ದಿಮ್ಮಿಯಿಂದ ಜಾರಿದ್ದ ಒಂದು ತೊಗಟೆಯನ್ನು ಎತ್ತಿ, ಇದ್ದ ಜಾಗದಲ್ಲಿ ಇಟ್ಟು ಬಂದರು.

ಮರುದಿನ ಅತ್ತೆಯೂ ಕೋಲೂರಿಕೊಂಡು ಬೆಟ್ಟ ಹತ್ತಿ ಬಂದರು. ಮರ ಬಿದ್ದ ಮೇಲೆ ಅವರು ಆ ಕಡೆ ಹೋಗಿರಲಿಲ್ಲ. ಬುಡದ ಹತ್ತಿರ, ಲಡ್ಡಿನ ಮೇಲೆ, ಒಂದು ಮಾವಿನ ಸಸಿ ಎದ್ದಿದೆ, ನಾಲ್ಕೆಲೆ. ಎಲೆ ಕಿವುಚಿ ಮೂಸಿ ನೋಡಿದರು. ಅದೇ ಮರದ ವಾಸನೆ ಅಂದರು.

---

ದರಗೆಲೆ

ಹೃದಯವೇ ಅಮ್ಮಾ. ತೆಳು ಚಿಪ್ಪಿನವುಗಳಲ್ಲಿ ಹಾಗೆ ಕಾಣುತ್ತದೆ. ಮಗಳಿಗೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಅಂತ ಎಣಿಸಲು ಹೇಳಿ. ಮಳೆ ಬರುತ್ತಿರುವ ರಾತ್ರಿ ಒಂದು ಸಲ, ಚಳಿ ಬಿದ್ದ ಮೇಲೆ ಒಂದು ಸಲ. ಎರಡನ್ನೂ ಇಲ್ಲಿ ಬರೆಯಿರಿ.